ಬೆಕ್ಕು, ಕೆನರಿ ಹಕ್ಕಿ ಮತ್ತು ನಮ್ಮ ಚಿಕ್ಕಮ್ಮನ ಮಾವಿನ ತೋಪು

ಮೊನ್ನೆ ಶನಿವಾರ ರಾತ್ರಿ ನಿದ್ದೆ ಬರದೆ ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕ್ಕೊಂಡು ಕೂತೆ. 'ದಿ ಕ್ಯಾಟ್ ಅಂಡ್ ದಿ ಕೆನರಿ'. 1939ರದ್ದು. ಬಾಬ್ ಹೋಪ್, ಪಾಲೆಟ್ ಗೊಡಾರ್ಡ್ ಇದ್ದಾರೆ. ಇದೇ ಕಥೆ 1927ರಲ್ಲಿ ಮೂಕಿಚಿತ್ರವಾಗಿ ಬಂದಿತ್ತು, ಜರ್ಮನಿಯಿಂದ ಹಾಲಿವುಡ್ಡಿಗೆ ಹೋದ ಪಾಲ್ ಲೆನಿ ಮಾಡಿದ್ದು. ಅದಕ್ಕೂ ಮೊದಲು 1922ರ ನಾಟಕ. ಮೂಕಿಯಲ್ಲಿ ನೆರಳು, ಉದ್ದ ಉದ್ದ ಪಡಸಾಲೆ, ಗಾಳಿಗೆ ಹಾರುವ ಪರದೆ... ಅದರಲ್ಲೂ ಸ್ವಲ್ಪ ನಗು ಇದೆ. 1939ರವರು ಅದೇ ಮನೆಗೆ ಒಬ್ಬ ಬಾಯಿಬಡುಕನನ್ನು ಬಿಟ್ಟುಬಿಟ್ಟರು ನೋಡಿ. ಬಾಬ್ ಹೋಪ್‌ಗೆ ಕೈಕಾಲು ನಡುಗುತ್ತೆ, ಆದ್ರೆ ಬಾಯಿ ನಿಲ್ಲಲ್ಲ! ನಮ್ಮ ಊರ ಕಡೆ ಸ್ಮಶಾನದ ದಾರೀಲಿ ಜೋರಾಗಿ ಹಾಡ್ಕೊಂಡು ಹೋಗ್ತಾರಲ್ಲ, ಥೇಟ್ ಹಾಗೆ :)

ಕಥೆ ಇಷ್ಟೇ. ಲೂಸಿಯಾನಾದ ಜೌಗು ಪ್ರದೇಶದಲ್ಲಿ ಒಂದು ಪಾಳು ಬಂಗಲೆ. ಯಜಮಾನ ಸತ್ತು ಹತ್ತು ವರ್ಷದ ಮೇಲೆ, ನಡುರಾತ್ರಿ, ನೆಂಟರೆಲ್ಲ ಕೂತು ಉಯಿಲು ಓದಿಸ್ತಾರೆ. ಆಸ್ತಿಯೆಲ್ಲ ಒಬ್ಬಳೇ ಹುಡುಗಿಗೆ. ಆದ್ರೆ ಒಂದು ಷರತ್ತು: ಅವಳು ಸತ್ತರೆ ಅಥವಾ ಅವಳಿಗೆ ಹುಚ್ಚು ಹಿಡಿದರೆ ಆಸ್ತಿ ಇನ್ನೊಬ್ಬರಿಗೆ. ಆಮೇಲೇನು, ಗೋಡೆಯಿಂದ ಕೈ ಬರುತ್ತೆ, ವಕೀಲರು ಮಾಯ ಆಗ್ತಾರೆ. ಯಾರು ಮಾಡ್ತಿದ್ದಾರೆ ಅಂತ ನಾನು ಹೇಳಲ್ಲ. ದೆವ್ವ ಅಲ್ಲ ಅಂತ ಮಾತ್ರ ಹೇಳ್ತೀನಿ.

ಆ ಷರತ್ತು ಓದೋ ಹೊತ್ತಿಗೆ ನನ್ನ ನಗು ನಿಂತುಹೋಯ್ತು.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ನಮ್ಮ ಚಿಕ್ಕಮ್ಮನನ್ನು ಕೊಟ್ಟಿದ್ರು. ಗಂಡ ತೀರಿಕೊಂಡಾಗ ಅವರ ಪಾಲಿಗೆ ಎರಡು ಎಕರೆ ಮಾವಿನ ತೋಪು ಉಳಿದಿತ್ತು. ಬಾದಾಮಿ, ಮಲ್ಲಿಕಾ, ಒಂದಷ್ಟು ನಾಟಿ. ಅವರ ಭಾವನ ತೋಪು ಪಕ್ಕದಲ್ಲೇ. ಚಿಕ್ಕಮ್ಮ ರಾತ್ರಿ ಹೊತ್ತು ತೋಪಲ್ಲಿ ಹೋಗಿ ಕೂತ್ಕೋತಾಳೆ, ಒಬ್ಬಳೇ ಮಾತಾಡ್ತಾಳೆ ಅಂತ ಮೊದಲು ಸುದ್ದಿ ಆಯ್ತು. (ಕಾಯಿ ಕದಿಯೋರಿಗೆ ಕಾವಲು ಕೂತಿರ್ತಿದ್ರು, ಅದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.) ಆಮೇಲೆ ಮಾಲೂರಿನ ಕಡೆಯಿಂದ ಒಬ್ಬ ಮಂತ್ರವಾದಿ ಬಂದ. ಬೇವಿನ ಬರಲಲ್ಲಿ ಹೊಡೆದ. ಹೊಡೆತ ತಾಳಲಾರದೆ ಚಿಕ್ಕಮ್ಮ ತೆಲುಗಲ್ಲಿ ಬಯ್ದರು. "ನೋಡಿ, ದೆವ್ವ ತೆಲುಗಲ್ಲಿ ಮಾತಾಡ್ತಿದೆ!" ಅಂದ.

ನಮ್ಮ ಮನೇಲಿ ಎಲ್ಲರೂ ಮಾತಾಡೋದೇ ತೆಲುಗು ಕಣ್ರೀ. ಸ್ಕೂಲು, ಕಾಗದ ಪತ್ರ ಕನ್ನಡ, ಜಗಳ ತೆಲುಗು. ಕೋಲಾರದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆದ್ರೆ ಅವತ್ತು ಅದನ್ನ ಯಾರೂ ಹೇಳಲಿಲ್ಲ. ನಮ್ಮಪ್ಪನೂ ಹೇಳಲಿಲ್ಲ. ಹುಡುಗರು ನಾವು ಬಾಗಿಲ ಹಿಂದೆ ನಿಂತು ನಗ್ತಿದ್ವಿ, ಭಯಕ್ಕೆ. ಒಂದು ತಿಂಗಳಲ್ಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಬಿತ್ತು. ತೋಪು ಭಾವನದಾಯ್ತು, ಚಿಕ್ಕಮ್ಮ ಒಂದು ಟ್ರಂಕಿನ ಜೊತೆ ಕೋಲಾರದ ನಮ್ಮನೆಗೆ ಬಂದರು. ದೆವ್ವ ಮತ್ತೆ ಬರಲಿಲ್ಲ.

2004ರಲ್ಲಿ 'ಆಪ್ತಮಿತ್ರ' ಬಂತು. ಮಲಯಾಳದ 'ಮಣಿಚಿತ್ರತ್ತಾಳ್' (1993) ನಮ್ಮಲ್ಲಿಗೆ ಬಂದದ್ದು, ನಿಮಗೆಲ್ಲ ಗೊತ್ತಿರೋದೇ. ಅಲ್ಲೂ ಪಾಳು ಅರಮನೆ, ಅಲ್ಲೂ ದೆವ್ವ ಅಲ್ಲ, ಅಲ್ಲೂ ನಗಿಸೋಕೆ ದ್ವಾರಕೀಶ್. ಮಲಯಾಳದಲ್ಲಿ ತಮಿಳು ಮಾತಾಡಿದ ನರ್ತಕಿ ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ಭಯ ಹುಟ್ಟಿಸೋಕೆ ಪಕ್ಕದ ರಾಜ್ಯದ ಭಾಷೆಯೇ ಬೇಕೇನೋ! ಬೆಂಗಳೂರಿನವರು ನಾಗವಲ್ಲಿ ಬಾಯಿ ಬಿಟ್ಟರೆ ಬೆಚ್ಚಿದ್ದಾರು. ಕೋಲಾರದ ಥಿಯೇಟರಲ್ಲಿ ನಮ್ಮ ಹಿಂದಿನ ಸಾಲಿನ ಹೆಂಗಸರು ಅವಳಿಗೆ ತೆಲುಗಲ್ಲೇ ಉತ್ತರ ಕೊಡ್ತಿದ್ರು.

ಚಿಕ್ಕಮ್ಮನನ್ನೂ ಕರ್ಕೊಂಡು ಹೋಗಿದ್ವಿ. ಅವರು ಬಂದದ್ದು ಸೌಂದರ್ಯಳನ್ನು ನೋಡೋಕೆ. ಮುಳಬಾಗಿಲು ಕಡೆಯ ಹುಡುಗಿ, ನಮ್ಮೋಳು. ಆ ವರ್ಷ ಏಪ್ರಿಲ್ 17ಕ್ಕೆ ಜಕ್ಕೂರಿನಿಂದ ಹಾರಿದ ಸಣ್ಣ ವಿಮಾನ ಬಿದ್ದು ತೀರಿಕೊಂಡಿದ್ದಳು. ಸಿನಿಮಾ ತೆರೆಗೆ ಬಂದದ್ದು ಆಗಸ್ಟಲ್ಲಿ. ಸತ್ತವಳು ಪರದೆ ಮೇಲೆ ಸತ್ತವಳ ಥರ ಕುಣೀತಿದ್ರೆ ಇಡೀ ಥಿಯೇಟರು ಗಪ್‌ಚುಪ್. 'ದ್ವೀಪ' ಮಾಡಿದವಳು ಇವಳೇನಾ ಅನ್ನಿಸೋ ಹಾಗೆ ಕಣ್ಣು ಬಿಟ್ಟಿದ್ದಳು. ನಾನು ಪಕ್ಕಕ್ಕೆ ತಿರುಗಿ ಚಿಕ್ಕಮ್ಮನ ಮುಖ ನೋಡೋಕೆ ಹೋಗಲಿಲ್ಲ.

ಇದು ದೆವ್ವ ಅಲ್ಲ, ಮನಸ್ಸಿನ ಕಾಯಿಲೆ ಅಂತ ವಿಷ್ಣುವರ್ಧನ್ ಬಿಡಿಸಿ ಹೇಳ್ತಾರಲ್ಲ, ಆಗ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು, ಅಷ್ಟೆ. ಮಾತಾಡಿದ್ದು ವಾಪಸ್ ಬರೋವಾಗ, ಬಸ್ ಸ್ಟ್ಯಾಂಡ್ ಹತ್ರ ಕಡಲೆಕಾಯಿ ಸುಲೀತಾ:

"ಅದೆಲ್ಲ ಸರಿ ಕಣೋ. ಆ ಬಂಗಲೆ ಕೊನೇಗೆ ಯಾರ ಹೆಸರಿಗೆ ಆಯ್ತು?"

ಗಂಡನ ಹೆಸರಲ್ಲೇ ಇರಬೇಕು ಚಿಕ್ಕಮ್ಮ, ಕೊಂಡಿದ್ದು ಅವನೇ ಅಲ್ವಾ, ಅಂದೆ. "ಹೂಂ" ಅಂತ ಸಿಪ್ಪೆ ಎಸೆದು ಬಸ್ ಹತ್ತಿದರು.