ಔಷಧಿಯ ಓಟ

ನಮ್ಮಜ್ಜಿಯ ಔಷಧಿಗೆ ಪ್ರತಿಸ್ಪರ್ಧಿಗಳಿರಲಿಲ್ಲ. ಸಾಣೆಕಲ್ಲು, ಬಜೆಯ ಬೇರು, ತುಸು ಜೇನುತುಪ್ಪ, ಇವಿಷ್ಟೇ ಆಕೆಯ ಕಾರ್ಖಾನೆ; ಒಲ್ಲೆನೆಂದು ಮುಖ ತಿರುವುವ ಮಕ್ಕಳ ಮೂಗು ಹಿಡಿಯುವುದೇ ಆಕೆಯ ವ್ಯಾಪಾರದ ಗುಟ್ಟು.

ಇಂದಿನ ಗುಳಿಗೆಯಾದರೋ ಪಂದ್ಯದ ಕುದುರೆ. ಹೊಸ ಔಷಧಿಗೆ ದೊರೆಯುವ ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಪ್ರಯೋಗ, ಪರೀಕ್ಷೆಗಳಲ್ಲಿಯೇ ಅದರ ಅರ್ಧದಷ್ಟು ಸವೆದುಹೋಗುವುದುಂಟು. ಅವಧಿ ಮುಗಿದೊಡನೆ ಅದೇ ಮದ್ದನ್ನು ಅಗ್ಗವಾಗಿ ತಯಾರಿಸಲು ನಮ್ಮ ದೇಶದ ಕಂಪನಿಗಳು ಸಾಲುಗಟ್ಟಿ ನಿಂತಿರುತ್ತವೆ. ಹೀಗಿರುವಾಗ, ಉಳಿಸಿದ ಒಂದೊಂದು ತಿಂಗಳೂ ಚಿನ್ನವಲ್ಲವೇ? ಆ ತಿಂಗಳುಗಳನ್ನು ಉಳಿಸಿಕೊಡುವ ಸಾರಥಿಯೇ ಕಂಪ್ಯೂಟರು.

2020ರ ಜನವರಿ ಎರಡನೆಯ ವಾರದಲ್ಲಿ ಚೀನಾದ ವಿಜ್ಞಾನಿಗಳು ಕೊರೋನಾ ವೈರಸ್ಸಿನ ಜೀನುಗಳ ಅಕ್ಷರಮಾಲೆಯನ್ನು ಲೋಕದ ಮುಂದೆ ತೆರೆದಿಟ್ಟರು. ಅದುವರೆಗೆ ಒಂದು ಔಷಧಿಯನ್ನೂ ಮಾರುಕಟ್ಟೆಗೆ ತಂದಿರದ ಅಮೆರಿಕದ ಮಾಡರ್ನಾ ಕಂಪನಿಯು ಅಲ್ಲಿನ ಸರಕಾರಿ ವಿಜ್ಞಾನಿಗಳೊಡನೆ ಸೇರಿ, ಜನವರಿ 13ರ ವೇಳೆಗೆ ಲಸಿಕೆಯ ವಿನ್ಯಾಸವನ್ನು ನಿಶ್ಚಯಿಸಿಬಿಟ್ಟಿತು. ಮಾರ್ಚ್ 16ರಂದು ಮೊದಲ ಸ್ವಯಂಸೇವಕರ ತೋಳಿಗೆ ಸೂಜಿ ತಾಗಿತು. ಆದರೂ ತುರ್ತು ಬಳಕೆಗೆ ಅನುಮತಿ ದೊರೆತುದು ಡಿಸೆಂಬರ್ 18ರಂದು. ನಡುವಣ ತಿಂಗಳುಗಳೆಲ್ಲ ಪರೀಕ್ಷೆಗೆ ಸಂದವು. ಕೊನೆಯ ಹಂತವೊಂದಕ್ಕೇ ಸುಮಾರು 30,000 ಮಂದಿ ತೋಳೊಡ್ಡಿದರು. ಯಂತ್ರದ ಲೆಕ್ಕವನ್ನು ಅವಸರಪಡಿಸಬಹುದು. ಮನುಷ್ಯನ ಮೈ ಮಾತ್ರ ತನ್ನ ಉತ್ತರವನ್ನು ತನ್ನ ವೇಳೆಗೇ ಕೊಡುತ್ತದೆ.

ವೇಗದಿಂದ ಮಾರುಕಟ್ಟೆಯನ್ನು ಗೆದ್ದುಕೊಳ್ಳಬಹುದು. ಉಳಿಸಿಕೊಳ್ಳಲು ನಂಬಿಕೆ ಬೇಕು. 2013ರ ಸುಮಾರಿನಿಂದ ಈಚೆಗೆ ನಮ್ಮ ದೇಶದ ಕೆಲವು ಕಾರ್ಖಾನೆಗಳಲ್ಲಿ, ಅನುಕೂಲವಲ್ಲದ ಪರೀಕ್ಷಾಫಲಗಳನ್ನು ಕಂಪ್ಯೂಟರಿನಿಂದ ಅಳಿಸಿಹಾಕಿದ್ದನ್ನು ಅಮೆರಿಕದ ತನಿಖಾಧಿಕಾರಿಗಳು ಪತ್ತೆಹಚ್ಚಿದರು. ಅಂಥ ಹಲವು ಕಾರ್ಖಾನೆಗಳ ಮದ್ದಿಗೆ ಆ ದೇಶದ ಬಾಗಿಲು ಮುಚ್ಚಿತು. ಓಟಕ್ಕೆ ನೆರವಾದ ಯಂತ್ರವೇ ಸಾಕ್ಷಿಯೂ ಆಗಬಲ್ಲದು! ದಿನವೂ ರಕ್ತದೊತ್ತಡದ ಗುಳಿಗೆ ನುಂಗುವ ನನಗೆ, ಈ ಸುದ್ದಿಯನ್ನೋದಿದಂದು ನೀರೂ ಗಂಟಲಿನಲ್ಲಿ ಇಳಿಯಲಿಲ್ಲ.

ಈಗ ತುಸು ಸಮಾಧಾನವುಂಟು. 2023ರ ಆಗಸ್ಟ್ 1ರಿಂದ ಭಾರತದಲ್ಲಿ 300 ಹೆಸರಾಂತ ಔಷಧಿಗಳ ಹೊದಿಕೆಯ ಮೇಲೆ ಬಾರ್ ಕೋಡ್ ಇಲ್ಲವೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಎಲ್ಲವೂ ಅದರಲ್ಲಿರಬೇಕು. ಮೊಬೈಲು ಹಿಡಿದು ಇವನ್ನು ನೋಡದೆ ನಮ್ಮ ಮನೆಯಾಕೆ ನನಗೆ ಗುಳಿಗೆ ಮುಟ್ಟಗೊಡುವುದಿಲ್ಲ. ಆಕೆಯ ವಾದವೂ ಸರಿಯೇ: ಪಂದ್ಯದಲ್ಲಿ ಯಾವ ಕಂಪನಿಯಾದರೂ ಗೆಲ್ಲಲಿ, ನುಂಗುವವರು ನಾವಲ್ಲವೇ?