ಮೂರು ಕಡಲಿಗೆ ಹರಿಯುವ ದಿಬ್ಬ

ಮಿಸಿಸಿಪ್ಪಿ ನದಿಯನ್ನು ನಾನು ಮೊದಲ ಬಾರಿ ದಾಟಿದ್ದು ಕಾಲ್ನಡಿಗೆಯಲ್ಲಿ. ಅಮೆರಿಕದ ಉತ್ತರದಂಚಿನ ಮಿನೆಸೋಟ ರಾಜ್ಯದಲ್ಲಿ ಇಟಾಸ್ಕಾ ಎಂಬ ಸರೋವರವಿದೆ. ಅದರ ಉತ್ತರದ ಮೂಲೆಯಲ್ಲಿ ಒಂದು ಸಾಲು ಕಲ್ಲುಗುಂಡುಗಳು. ಸರೋವರದ ನೀರು ಆ ಕಲ್ಲುಗಳ ಸಂದಿನಿಂದ ತುಳುಕಿ ಹೊರಬಿದ್ದರೆ, ಅದೇ ಮಿಸಿಸಿಪ್ಪಿ. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ದಡದ ನೆರಳಿನಲ್ಲಿ ಹಿಮ ಉಳಿದಿತ್ತು. ಗಾಳಿಯಲ್ಲಿ ಪೈನ್ ಮರದ ಅಂಟಿನ ವಾಸನೆ. ಮೊಣಕಾಲಿನಷ್ಟು ಆಳದ ನೀರಿನ ಮೇಲೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಆಚೆ ದಡ ಸೇರಿದಾಗ, ಅಮೆರಿಕದ ಮಹಾನದಿಯನ್ನು ದಾಟಿಬಿಟ್ಟೆ ಎಂಬುದನ್ನು ನಂಬುವುದೇ ಕಷ್ಟವಾಯಿತು.

ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ದಿನ ಕುಂಡಿಕೆಯ ಸುತ್ತ ಸೇರುವ ಜನ, ಗಂಟೆ, ಮಂತ್ರ, ತೀರ್ಥದ ಬಾಟಲಿ, ಎಲ್ಲ ನೆನಪಾಯಿತು. ಇಲ್ಲಿ ಗುಡಿಯಿಲ್ಲ, ಪೂಜೆಯಿಲ್ಲ. ಆದರೆ ಕಾವಲು ಬಲವಾಗಿದೆ. ಈ ಮೂಲವನ್ನೂ ಸುತ್ತಲಿನ ಕಾಡನ್ನೂ 1891ರಲ್ಲೇ ರಾಜ್ಯದ ಉದ್ಯಾನವೆಂದು ಕಾಯ್ದಿರಿಸಿದ್ದಾರೆ. ಇಲ್ಲಿ ಹೊರಟ ಒಂದು ಹನಿ ಮೆಕ್ಸಿಕೊ ಕೊಲ್ಲಿಯನ್ನು ಮುಟ್ಟಲು ಸುಮಾರು 90 ದಿನ ಬೇಕಂತೆ. ಹಾದಿಯ ಉದ್ದ 3,700 ಕಿಲೋಮೀಟರಿಗೂ ಹೆಚ್ಚು. ನಮ್ಮ ಕಾವೇರಿಯಂಥ ನಾಲ್ಕು ನದಿಗಳನ್ನು ಒಂದರ ಹಿಂದೊಂದು ಜೋಡಿಸಿದರೂ ಸಾಲದು. ದಕ್ಷಿಣದ ಕಡಲಿಗೆ ಹೋಗಬೇಕಾದ ಈ ನದಿ ಮೊದಲು ಉತ್ತರಕ್ಕೆ ಹರಿಯುತ್ತದೆ. ಬೆಮಿಜಿ ಎಂಬ ಊರಿನವರೆಗೆ ಹೋಗಿ, ಪೂರ್ವಕ್ಕೆ ಹೊರಳಿ, ಆಮೇಲೆ ದಕ್ಷಿಣಕ್ಕೆ ಇಳಿಯುತ್ತದೆ. ನೆಲ ಎತ್ತ ಬಾಗಿದೆಯೋ ನೀರು ಅತ್ತ. ಆ ಬಾಗುವಿಕೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಆ ರಾಜ್ಯದಲ್ಲೇ, ಕಬ್ಬಿಣದ ಅದಿರಿಗೆ ಹೆಸರಾದ ಹಿಬ್ಬಿಂಗ್ ಊರಿನ ಹತ್ತಿರ, ಇನ್ನೂ ದೊಡ್ಡ ಅಚ್ಚರಿಯೊಂದಿದೆ. ಅಲ್ಲಿನ ಒಂದು ದಿಬ್ಬದ ಮೇಲೆ ಬಿದ್ದ ಮಳೆ ಮೂರು ದಿಕ್ಕಿಗೆ ಒಡೆದು ಹೋಗುತ್ತದೆ. ಒಂದು ಪಾಲು ಉತ್ತರದ ಹಡ್ಸನ್ ಕೊಲ್ಲಿಗೆ, ಇನ್ನೊಂದು ಸುಪೀರಿಯರ್ ಸರೋವರದ ಮೂಲಕ ಅಟ್ಲಾಂಟಿಕ್ ಸಾಗರಕ್ಕೆ, ಮತ್ತೊಂದು ಮಿಸಿಸಿಪ್ಪಿಯ ಮೂಲಕ ಮೆಕ್ಸಿಕೊ ಕೊಲ್ಲಿಗೆ. ಇದನ್ನು ಕೇಳಿದಾಗ ಕುದುರೆಮುಖದ ಗಂಗಾಮೂಲ ಕಣ್ಣ ಮುಂದೆ ಬಂತು. ಅಲ್ಲೂ ಒಂದೇ ಬೆಟ್ಟದ ಮಗ್ಗುಲಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತಾರೆ. ನೇತ್ರಾವತಿ ಪಶ್ಚಿಮಕ್ಕೆ ಧುಮುಕಿ ಅರಬ್ಬಿ ಕಡಲು ಸೇರುತ್ತಾಳೆ. ಜಲಾನಯನ ಎಂದರೇನು ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ನೆಲದಲ್ಲೂ ಇಲ್ಲ. ಆದರೆ ಅಷ್ಟು ದೊಡ್ಡ ಬೆಟ್ಟವನ್ನು ತರಗತಿಗೆ ತರುವುದು ಹೇಗೆ? ಅದರ ಉತ್ತರ ನನಗೆ ಸಿಕ್ಕಿದ್ದು ಮಿನಿಯಾಪೊಲಿಸ್ ನಗರದ ಒಂದು ಗೊಂಬೆಮನೆಯಲ್ಲಿ.

ಮಿನಿಯಾಪೊಲಿಸ್ ಹುಟ್ಟಿದ್ದೇ ನದಿಯಿಂದ. ಮಿಸಿಸಿಪ್ಪಿಯ ಇಡೀ ಹರಿವಿನಲ್ಲಿ ದೊಡ್ಡ ಜಲಪಾತ ಎನ್ನಬಹುದಾದದ್ದು ಇರುವುದು ಇಲ್ಲೊಂದೇ ಕಡೆ. ಇಲ್ಲಿನ ಮೂಲನಿವಾಸಿಗಳಾದ ಡಕೋಟ ಜನರಿಗೆ ಪವಿತ್ರವಾದ ಆ ಜಲಪಾತವನ್ನು ಹಿಟ್ಟಿನ ಗಿರಣಿಗಳ ಕಾಲದಲ್ಲಿ ಕಟ್ಟಿ ಬಿಗಿದರು. ಈಗ ಅಲ್ಲಿ ನೀರು ಕಾಂಕ್ರೀಟಿನ ಇಳಿಜಾರಿನ ಮೇಲೆ ಜಾರುತ್ತದೆ. ಜೋಗವನ್ನು ಕಂಡ ಕಣ್ಣಿಗೆ ಅದು ಸಣ್ಣದೇ. ಆದರೆ ಊರಿನವರು ಕುಡಿಯುವುದು ಇದೇ ನದಿಯ ನೀರನ್ನು, ಊರಿನ ಪಕ್ಕದಲ್ಲೇ ಎತ್ತಿ ಶುದ್ಧ ಮಾಡಿ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಬೆಟ್ಟ ಹತ್ತಿಸಿ ತರಿಸಿಕೊಳ್ಳುವ ಬೆಂಗಳೂರಿನಿಂದ ಬಂದ ನನಗೆ, ಮನೆಯ ಬಾಗಿಲಲ್ಲೇ ಹರಿಯುವ ಕುಡಿಯುವ ನೀರು ದೊಡ್ಡ ಭಾಗ್ಯವಾಗಿ ಕಂಡಿತು.

ಲೇಕ್ ಸ್ಟ್ರೀಟ್ ಎಂಬ ಗದ್ದಲದ ರಸ್ತೆಯಲ್ಲಿ ಆವಲಾನ್ ಎಂಬ ಹಳೆಯ ಚಿತ್ರಮಂದಿರ. ನಾನು ಹೋದ ಕಾಲದಲ್ಲಿ ಅಲ್ಲಿ ‘ಇನ್ ದಿ ಹಾರ್ಟ್ ಆಫ್ ದಿ ಬೀಸ್ಟ್’ ಎಂಬ ಗೊಂಬೆಯಾಟದ ತಂಡವಿತ್ತು. 1973ರಲ್ಲಿ ಹುಟ್ಟಿದ ಈ ತಂಡದವರ ಬಂಡವಾಳ ನಾಲ್ಕೇ ವಸ್ತು: ನೀರು, ಹಿಟ್ಟು, ಹಳೆಯ ಪತ್ರಿಕೆ, ಬಣ್ಣ. ಜೇಡಿಮಣ್ಣಿನ ಅಚ್ಚಿನ ಮೇಲೆ ಪತ್ರಿಕೆಯ ಚೂರುಗಳನ್ನು ಅಂಟಿಸಿ, ಒಣಗಿಸಿ, ಎರಡಾಳು ಎತ್ತರದ ಮುಖಗಳನ್ನು ಮಾಡುತ್ತಾರೆ. ಒಳಗೆ ಕಾಲಿಟ್ಟೊಡನೆ ಹಸಿ ಅಂಟಿನ ಹುಳಿವಾಸನೆ ಮೂಗಿಗೆ ಬಡಿಯಿತು. ತೊಲೆಗಳಿಗೆ ಮೀನು, ಕೊಕ್ಕರೆ, ಸೂರ್ಯ ತೂಗುಬಿದ್ದಿದ್ದವು. ನೆಲದ ತುಂಬ ಮಕ್ಕಳು.

ಮಕ್ಕಳಿಗೆ ಕಲಿಸುತ್ತಿದ್ದ ಹೆಣ್ಣುಮಗಳು ಮೊದಲು ಗೊಂಬೆಯನ್ನು ಮುಟ್ಟಲೇ ಇಲ್ಲ. ಪ್ರತಿ ಮಗುವಿಗೂ ಒಂದೊಂದು ಹಾಳೆ ಕೊಟ್ಟು ಮುದುಡಲು ಹೇಳಿದಳು. ಮುದುಡಿದ ಹಾಳೆಯನ್ನು ಅರ್ಧ ಬಿಡಿಸಿ ಮೇಜಿನ ಮೇಲೆ ಇಟ್ಟರೆ ಅದೇ ಬೆಟ್ಟಸಾಲು. ಏಣುಗಳ ಉದ್ದಕ್ಕೂ ನೀರಿನಲ್ಲಿ ಕರಗುವ ನೀಲಿ ಶಾಯಿ ಬಳಿಸಿದಳು. ಅಲ್ಲಲ್ಲಿ ಊರು, ಹೊಲ, ಕಾರ್ಖಾನೆ ಎಂದು ಕಂದು, ಕೆಂಪು ಚುಕ್ಕೆ ಇಡಿಸಿದಳು. ಆಮೇಲೆ ಎಲ್ಲರ ಬೆಟ್ಟಕ್ಕೂ ಪಿಚಕಾರಿಯಿಂದ ತುಂತುರು ಮಳೆ. ನೀಲಿ ಇಳಿಯಿತು, ತೊರೆಯಾಯಿತು, ತೊರೆಗಳು ಕೂಡಿದವು. ಮೇಲಿನ ಊರಿನ ಕಂದು ಬಣ್ಣವೂ ಅದರೊಂದಿಗೇ ಇಳಿದು ತಗ್ಗಿನ ಕೆರೆಯನ್ನು ಕಲಕಿತು. ಕೆರೆಯ ದಂಡೆಯಲ್ಲಿ ಚಂದದ ಮನೆ ಬರೆದಿದ್ದ ಹುಡುಗನೊಬ್ಬ ಮೇಲಿನ ಊರು ಬರೆದವಳ ಕಡೆ ತಿರುಗಿ, “ನಿನ್ನ ಕೊಳೆಯೆಲ್ಲ ನನ್ನ ಮನೆಗೆ ಬಂತು!” ಎಂದು ಕೂಗಿದ. ಅಂತರರಾಜ್ಯ ನದಿ ವಿವಾದಗಳನ್ನು ಓದುತ್ತಲೇ ಬೆಳೆದ ನನಗೆ ಆ ಮಾತು ನೇರ ಎದೆಗೆ ತಾಗಿತು.

ಗೊಂಬೆಗಳು ಬಂದದ್ದು ಆಮೇಲೆ. ನದಿಯೆಂದರೆ ಉದ್ದನೆಯ ನೀಲಿ ಬಟ್ಟೆ, ಅದಕ್ಕೊಂದು ಹೆಣ್ಣಿನ ಮುಖ. ಎಂಟು ಹತ್ತು ಮಕ್ಕಳು ಬಟ್ಟೆಯೊಳಗೆ ಹೊಕ್ಕು ಅವಳ ಮೈಯಾದರು. ದಾರಿಯುದ್ದಕ್ಕೂ ಉಳಿದ ಮಕ್ಕಳು ನಿಂತಿದ್ದರು. ಒಬ್ಬನ ಕೈಯಲ್ಲಿ ಒಣಗಿದೆಲೆ, ಒಬ್ಬಳ ಕೈಯಲ್ಲಿ ನಾಯಿಯ ಹೇಲಿನ ಕಾಗದದ ಉಂಡೆ, ಇನ್ನೊಬ್ಬನ ಕೈಯಲ್ಲಿ ಎಂಜಿನ್ ಎಣ್ಣೆಯ ಡಬ್ಬ. ನದಿ ಹಾದುಹೋಗುವಾಗ ಎಲ್ಲವನ್ನೂ ಅವಳ ಮೈಗೆ ಅಂಟಿಸಬೇಕು. ಕೊನೆ ಮುಟ್ಟುವಷ್ಟರಲ್ಲಿ ಬಟ್ಟೆ ಭಾರವಾಗಿ ಒಳಗಿನ ಮಕ್ಕಳು ಏದುಸಿರು ಬಿಡುತ್ತಿದ್ದರು. ನದಿಗೆ ಭಾರವಾಗುತ್ತದೆ ಎಂಬುದು ಅವರಿಗೆ ತಿಳಿದದ್ದು ತೋಳಿನಿಂದ. ಪಠ್ಯಪುಸ್ತಕದ ಚಿತ್ರಕ್ಕೆ ಇದು ಎಂದೂ ಸಾಧ್ಯವಿಲ್ಲ ಎಂದು ನನಗನಿಸುತ್ತದೆ.

ಒಣಗಿದೆಲೆ ಹೇಗೆ ಕೊಳೆಯಾಗುತ್ತದೆ ಎಂದು ಕೇಳಿದೆ. ಮಕ್ಕಳ ಜೊತೆಗೇ ನನ್ನನ್ನೂ ರಸ್ತೆಗೆ ಕರೆದೊಯ್ದರು. ಬದಿಯಲ್ಲಿ ಕಬ್ಬಿಣದ ಜಾಲರಿಯ ಚರಂಡಿ ಬಾಯಿ. ಮನೆಯ ಬಚ್ಚಲ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಆದರೆ ಈ ಜಾಲರಿಗೆ ಬಿದ್ದ ಮಳೆನೀರು ಯಾವ ಶುದ್ಧೀಕರಣವೂ ಇಲ್ಲದೆ ಹತ್ತಿರದ ಸರೋವರಕ್ಕೋ ನದಿಗೋ ಸೇರುತ್ತದೆ. ಕೊಳೆತ ಎಲೆಯ ರಂಜಕ ನೀರಿಗಿಳಿದು ಪಾಚಿಗೆ ಗೊಬ್ಬರವಾಗುತ್ತದೆ. ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಿಸಲು ಎರಚುವ ಉಪ್ಪು ಇನ್ನೂ ಕೆಟ್ಟದ್ದು: ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಕೆಡಿಸಬಲ್ಲದು, ಒಮ್ಮೆ ಸೇರಿದ್ದನ್ನು ಹೊರತೆಗೆಯುವ ಸುಲಭದ ದಾರಿಯಿಲ್ಲ. ನಮ್ಮ ರಾಜಕಾಲುವೆಗಳೂ ಮಳೆನೀರನ್ನು ಕೆರೆಗೆ ಒಯ್ಯಲೆಂದೇ ಇದ್ದವಲ್ಲವೇ? ಈಗ ಅವುಗಳಲ್ಲಿ ಹರಿಯುವುದೇನೆಂದು ಮೂಗೇ ಹೇಳುತ್ತದೆ.

ಇವರ ನದಿಯೂ ಒಂದು ಕಾಲಕ್ಕೆ ಹಾಗೇ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಿನಿಯಾಪೊಲಿಸ್, ಸೇಂಟ್ ಪಾಲ್ ಎಂಬ ಅವಳಿ ನಗರಗಳ ಹೊಲಸೆಲ್ಲ ನೇರವಾಗಿ ಮಿಸಿಸಿಪ್ಪಿಗೆ ಬೀಳುತ್ತಿತ್ತು. ನಗರದ ಕೆಳಗಿನ ಹರಿವಿನಲ್ಲಿ ಮೀನು ಬದುಕುವುದೇ ದುಸ್ತರವಾಗಿತ್ತು. 1938ರಲ್ಲಿ ಸೇಂಟ್ ಪಾಲ್ ನಗರದ ಬಳಿ ಶುದ್ಧೀಕರಣ ಘಟಕ ಶುರುವಾಯಿತು. ಆದರೂ ಜೋರು ಮಳೆ ಬಂದಾಗ ಮಳೆನೀರೂ ಕೊಳಚೆಯೂ ಒಂದಾಗಿ ನದಿಗೆ ಉಕ್ಕುವುದು ನಿಂತಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಕೊಳವೆ ಹಾಕುವ ಕೆಲಸ ದಶಕಗಟ್ಟಲೆ ನಡೆಯಿತು. 1980ರ ದಶಕದ ಕೊನೆಗೆ, ಮೇಫ್ಲೈ ಎಂಬ ಹುಳು ದಶಕಗಳ ನಂತರ ನಗರದ ನದಿಗೆ ಮರಳಿತು. ಇದರ ಮರಿ ನದಿಯ ತಳದ ಕೆಸರಿನಲ್ಲಿ ಬೆಳೆಯುತ್ತದೆ, ಉಸಿರಾಡಲು ಆಮ್ಲಜನಕವಿರುವ ನೀರೇ ಬೇಕು. ಹಾಗಾಗಿ ಮಕ್ಕಳ ಆಟದ ಕೊನೆಗೆ ಗಾಳದ ಕಡ್ಡಿಗೆ ಕಟ್ಟಿದ ಮೇಫ್ಲೈ ಗೊಂಬೆಗಳು ತೆಳುರೆಕ್ಕೆ ಬಡಿಯುತ್ತ ಸಭೆಯ ತಲೆಯ ಮೇಲೆ ಹಾರಿದವು. ಹುಳುವನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅಲ್ಲೇ.

ಮೇ ತಿಂಗಳ ಮೊದಲ ಭಾನುವಾರ ಬೀದಿಯೇ ರಂಗಮಂಟಪ. 1975ರಲ್ಲಿ ಈ ತಂಡ ಶುರುಮಾಡಿದ ಮೇ ಡೇ ಮೆರವಣಿಗೆಯಲ್ಲಿ ಕೇರಿಯ ಜನ ತಾವೇ ಮಾಡಿದ ಗೊಂಬೆ, ಮುಖವಾಡ ಹೊತ್ತು ಪೌಡರ್‌ಹಾರ್ನ್ ಎಂಬ ಕೆರೆಯಂಗಳಕ್ಕೆ ನಡೆದರು. ಅಲ್ಲಿ ಕಾಡು, ಹುಲ್ಲುಗಾವಲು, ಆಕಾಶ, ನದಿ, ನಾಲ್ಕೂ ದೈತ್ಯಗೊಂಬೆಗಳಾಗಿ ಬಂದವು. ಸೂರ್ಯ ದೋಣಿಗಳ ಸಾಲಿನಲ್ಲಿ ಕೆರೆ ದಾಟಿ ಬಂದ. ಬೀದಿಯ ಮಳೆನೀರು ಸೇರುವುದೂ ಈ ಕೆರೆಗೇ. ತಾವು ನೋಡಿಬಂದ ಜಾಲರಿಯ ಇನ್ನೊಂದು ತುದಿಯಲ್ಲಿ ಆ ಮಕ್ಕಳು ಕುಣಿಯುತ್ತಿದ್ದರು. ಕರಾವಳಿಯ ನೇಮದ ಅಂಗಳದಲ್ಲಿ ದೈವ ಎದ್ದು ನಿಂತಾಗ ಆಗುವ ರೋಮಾಂಚನ ನನಗೆ ಅಲ್ಲಿ ಆಯಿತು.

ಈ ರಾಜ್ಯದ ಮತದಾರರು 2008ರಲ್ಲಿ ತಮ್ಮ ಮೇಲೆ ತಾವೇ ಹೆಚ್ಚುವರಿ ಮಾರಾಟ ತೆರಿಗೆ ಹಾಕಿಕೊಂಡರು. 25 ವರ್ಷದ ಆ ತೆರಿಗೆಯ ಮೂರನೇ ಒಂದು ಪಾಲು ನೀರನ್ನು ಶುದ್ಧವಾಗಿಡಲು ಮೀಸಲು. ಅದೇ ತೆರಿಗೆಯಿಂದ ಕಲೆಗೂ ಒಂದು ಪಾಲು. ನೀರನ್ನೂ ಕಲೆಯನ್ನೂ ಒಂದೇ ಮತದಲ್ಲಿ ಕಾಪಾಡಿದ ಜನ ಇವರು.

ನಮ್ಮಲ್ಲಿ ಇಲ್ಲದ್ದೇನು? ಐದು ನದಿಗಳು ಸೇರುವ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಸೂತ್ರದ ಗೊಂಬೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದೆ. ಬಯಲುಸೀಮೆಯಲ್ಲಿ ತೊಗಲುಗೊಂಬೆಯವರು ಇನ್ನೂ ಇದ್ದಾರೆ. ಬೆಂಗಳೂರಂತೂ ಏಣಿನ ಮೇಲೆ ಕೂತ ಊರು: ಪಶ್ಚಿಮದ ನೀರು ವೃಷಭಾವತಿಯಾಗಿ ಕಾವೇರಿಯ ಕಡೆಗೆ, ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. 2017ರಲ್ಲಿ ಬೆಂಕಿ ಹತ್ತಿಕೊಂಡ ಬೆಳ್ಳಂದೂರು ಕೆರೆಯ ಕತೆ ಯಾವ ರಾಕ್ಷಸನ ಪ್ರಸಂಗಕ್ಕೆ ಕಡಿಮೆ? ಗೊಂಬೆಯಾಟದ ಕಲಾವಿದರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಊರಿನ ಹಳ್ಳಕ್ಕೆ ಈ ಮಳೆಗಾಲದೊಳಗೆ ಒಂದು ಮುಖ ಮಾಡಿ, ಅದನ್ನು ಹೊರಲು ಮಕ್ಕಳನ್ನು ಕರೆಯಿರಿ.