ಹಿಮ ಬಿಟ್ಟುಕೊಟ್ಟ ದಾರಿಯಲ್ಲಿ

ನಮ್ಮ ಸಾಸಲು ಕಡೆ ಬೋರ್‌ವೆಲ್ ಸಾವಿರ ಅಡಿ ಇಳಿದರೂ ಬರೀ ಧೂಳು ಏಳುವುದುಂಟು. ಅಂಥ ಸೀಮೆಯಿಂದ ಸಿಯಾಟಲ್‌ನ ಮಗಳ ಮನೆಗೆ ಹೋದ ನಮ್ಮಿಬ್ಬರನ್ನೂ ಅವಳು ಅಲಾಸ್ಕಾದ ಹಡಗು ಹತ್ತಿಸಿದಳು. ಹಡಗಿನ ಊಟ, ಈಜುಕೊಳ, ಕುಣಿತಗಳ ಸುದ್ದಿ ಇಲ್ಲಿ ಬೇಡ. ನೆನಪಿನಲ್ಲಿ ಉಳಿದದ್ದು ಗ್ಲೇಸಿಯರ್ ಬೇ ಎಂಬ ಕೊಲ್ಲಿಯಲ್ಲಿ ಕಳೆದ ಒಂದು ಹಗಲು.

ಬೆಳಿಗ್ಗೆ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂತು. ಅದರಲ್ಲಿದ್ದ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹಗ್ಗದ ಏಣಿ ಹಿಡಿದು, ಸಾಗುತ್ತಿದ್ದ ಹಡಗನ್ನು ಹಾಗೇ ಹತ್ತಿದರು. ಅವರಲ್ಲೊಬ್ಬಾಕೆ ನಕ್ಷೆ ಬಿಡಿಸಿ ತೋರಿಸಿದಳು. 1794ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಬಂದಾಗ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ನಿಂತಿತ್ತಂತೆ. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು 60 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ಉದ್ದ ನೂರು ಕಿ.ಮೀ. ದಾಟಿದೆ. ನಾವು ಕಾಫಿ ಕುಡಿಯುತ್ತ ಸಾಗಿದ ನೀರೆಲ್ಲ ಒಂದು ಕಾಲದ ಹಿಮವೇ.

‘ಎಲ್ಲ ಕಾರ್ಖಾನೆ ಹೊಗೆಯ ಪ್ರತಾಪ’ ಎಂದರು ಪಕ್ಕದವರೊಬ್ಬರು. ರೇಂಜರ್ ಒಪ್ಪಲಿಲ್ಲ: ಹಿಮ ಇಲ್ಲಿ ಸರಿಯತೊಡಗಿದ್ದು ಕಾರ್ಖಾನೆಗಳ ಭರಾಟೆಗೂ ಮೊದಲು, ಆದರೆ ಇಂದು ಅಲಾಸ್ಕಾದ ಹಿಮನದಿಗಳು ಕರಗುತ್ತಿರುವ ವೇಗಕ್ಕೆ ಬಿಸಿಯೇರಿದ ಭೂಮಿಯೇ ಕಾರಣ. ಹೀಗೆ ಸರಿಯತೊಡಗುವ ಮೊದಲು ಇದೇ ಹಿಮ ಮುಂದೊತ್ತಿ ಬಂದು ಇಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರನ್ನು ಅವರ ಊರಿನಿಂದಲೇ ಓಡಿಸಿತ್ತು.

ಲೆಕ್ಕ ನಂಬದವರು ದಡ ನೋಡಿದರೆ ಸಾಕು. ಬಾಯಲ್ಲಿ ಸ್ಪ್ರೂಸ್ ಮರಗಳ ದಟ್ಟ ಕಾಡು. ಒಳಗೆ ಹೋದಂತೆ ಪೊದೆ, ಆಮೇಲೆ ಪಾಚಿ, ಕೊನೆಗೆ ಬೋಳು ಬಂಡೆ. ಹಿಮ ಬಿಟ್ಟುಹೋಗಿ ಎಷ್ಟು ಕಾಲವಾಯಿತೋ ಅಷ್ಟು ಹಸಿರು.

ಸೌತ್ ಮಾರ್ಬಲ್ ದ್ವೀಪದ ಮೇಲೆ ಸಮುದ್ರಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡು ಗುರುಗುಡುತ್ತಿದ್ದವು. ಕಡಲ ನೀರುನಾಯಿಯೊಂದು ಅಂಗಾತ ತೇಲುತ್ತ, ಎದೆಯ ಮೇಲಿಟ್ಟುಕೊಂಡ ಚಿಪ್ಪನ್ನು ಕುಟ್ಟಿ ತಿನ್ನುತ್ತಿತ್ತು. ಹಂಪ್‌ಬ್ಯಾಕ್ ತಿಮಿಂಗಿಲ ಮಾತ್ರ ಜಿಪುಣ: ಒಂದು ಉಸಿರಿನ ಕಾರಂಜಿ, ಬೆನ್ನು, ಬಾಲ, ಮುಗಿಯಿತು! ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆದು, ಹೊಟ್ಟೆ ತುಂಬಿಸಿಕೊಳ್ಳಲು ಅದು ಇಲ್ಲಿಯವರೆಗೆ ಈಜಿ ಬರುತ್ತದೆ.

ಕೊನೆಗೆ ಮಾರ್ಜರಿ ಹಿಮನದಿ. ಮುಖದ ಅಗಲ ಒಂದೂವರೆ ಕಿ.ಮೀ.ಗೂ ಮಿಗಿಲು, ನೀರಿನ ಮೇಲೆ ಸುಮಾರು 250 ಅಡಿ ಎತ್ತರ. ಬಿರುಕುಗಳ ಒಳಗೆಲ್ಲ ನೀಲಿ. ಒತ್ತಿ ಗಟ್ಟಿಯಾದ ಹಿಮ ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಉಳಿಸುವುದರಿಂದ ಆ ಬಣ್ಣ. ಮನೆಯಷ್ಟು ದೊಡ್ಡ ತುಂಡೊಂದು ಸದ್ದಿಲ್ಲದೆ ಜಾರಿತು. ನೀರು ಎದ್ದು ಬಿದ್ದ ಮೇಲೆ ಗುಡುಗು ನಮ್ಮ ಕಿವಿಗೆ ಬಂತು. ‘ಮೊದಲು ಕಂಡಿದ್ದು, ಆಮೇಲೆ ಕೇಳಿದ್ದು, ನೋಡಿದ್ರಾ?’ ಎಂದಳು ಹೆಂಡತಿ, ಶಾಲಿನೊಳಗಿಂದ.

ಹೋಗುವವರಿಗೆ ಎರಡು ಮಾತು. ಕೊಲ್ಲಿಯೊಳಗೆ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಅವಕಾಶ. ಟಿಕೆಟ್ ಕೊಳ್ಳುವ ಮೊದಲು ನಿಮ್ಮ ಹಡಗಿನ ದಾರಿಯಲ್ಲಿ ಗ್ಲೇಸಿಯರ್ ಬೇ ಇದೆಯೇ ಎಂದು ನೋಡಿಕೊಳ್ಳಿ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲೂ ನಿಲ್ಲುವುದರಿಂದ ನಮ್ಮ ಪಾಸ್‌ಪೋರ್ಟಿನವರು ಆ ದೇಶದ ವೀಸಾವನ್ನೂ ಮುಂಚೆಯೇ ಮಾಡಿಸಿಕೊಳ್ಳಬೇಕು.